ಥಾಣೆಯ ಆಸ್ಥಾನದ ಕರ್ಣಾಟ ಸಂಧಿವಿಗ್ರಹಿ

ಮಧ್ಯ ರೈಲ್ವೆಯ ಲೋಕಲ್ ಗಾಡಿಯಲ್ಲಿ ಥಾಣೆಯ ಕಡೆಗೆ ಹೊರಟವರಿಗೆ ಭಾಂಡುಪ್ ಆದ ಮೇಲೆ ನಾಹುರ್, ಆಮೇಲೆ ಮುಲುಂಡ್ ಸಿಗುತ್ತವೆ. ನಾಹುರ್ ಸಣ್ಣ ಸ್ಟೇಷನ್ನು. ವೇಗದ ಗಾಡಿಗಳು ಅಲ್ಲಿ ನಿಲ್ಲುವುದಿಲ್ಲ. ಆದರೆ ಈ ಊರಿಗೆ ಸಾವಿರ ವರ್ಷದ ಹಿಂದಿನ ಒಂದು ದಾಖಲೆಯಿದೆ. ಶಕ 948, ಅಂದರೆ ಕ್ರಿ.ಶ. 1026ರಲ್ಲಿ, ಥಾಣೆಯ ಶಿಲಾಹಾರ ಅರಸು ಛಿತ್ತರಾಜ 'ನೌರ' ಎಂಬ ಗ್ರಾಮದ ಒಂದು ಹೊಲವನ್ನು ಒಬ್ಬ ಬ್ರಾಹ್ಮಣನಿಗೆ ದಾನ ಕೊಟ್ಟ. ನೌರ ಎಂದರೆ ಈಗಿನ ನಾಹುರ್ ಎಂದು ವಿದ್ವಾಂಸರು ಗುರುತಿಸುತ್ತಾರೆ. ದಾನದ ತಾಮ್ರಪಟಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಭಾಂಡುಪಿನ ಬಳಿ ಸಿಕ್ಕವು.

ದಾನ ಪಡೆದವನ ಹೆಸರು ಆಮದೇವಯ್ಯ, ಅವನ ತಂದೆಯದು ನೋಡಮಯ್ಯ. ದಾನವನ್ನು ನೆರವೇರಿಸಿದ ಅಧಿಕಾರಿಗಳ ಪಟ್ಟಿಯೂ ಅದರಲ್ಲಿದೆ. ಸರ್ವಾಧಿಕಾರಿ ನಾಗಣಯ್ಯ. ಸಂಧಿವಿಗ್ರಹಿ, ಎಂದರೆ ಪರರಾಜ್ಯಗಳೊಡನೆ ಶಾಂತಿ-ಯುದ್ಧಗಳ ವ್ಯವಹಾರ ನೋಡುವವನು, ಸೀಹಪಯ್ಯ. ಅವನಾದ ಮೇಲೆ ಇನ್ನೊಬ್ಬ ಸಂಧಿವಿಗ್ರಹಿಯ ಹೆಸರು ಬರುತ್ತದೆ: ಕಪರ್ದಿ. ಅವನ ಹುದ್ದೆ 'ಕರ್ಣಾಟ ಸಂಧಿವಿಗ್ರಹಿ'.

ಪರರಾಜ್ಯಗಳನ್ನೆಲ್ಲ ನೋಡಿಕೊಳ್ಳಲು ಒಬ್ಬನಿದ್ದಾಗ, ಕರ್ಣಾಟಕ್ಕೆಂದೇ ಇನ್ನೊಬ್ಬ ಏಕೆ?

ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಕನ್ನಡ ಮನೆಗಳಲ್ಲಿ ತಮ್ಮ ಊರಿನ ಕನ್ನಡದ ಕಥೆ ಸಾಮಾನ್ಯವಾಗಿ ಅಜ್ಜನಿಂದ ಶುರುವಾಗುತ್ತದೆ. ಅಜ್ಜ ಹೋಟೆಲಿಗೆ ಬಂದ, ಗಿರಣಿಗೆ ಬಂದ, ಬ್ಯಾಂಕಿಗೆ ಬಂದ. ಮುಂಬಯಿಯಲ್ಲಿ ಬಾಡಿಗೆ ಏರಿದಾಗ ರೈಲು ಹಳಿಯ ಗುಂಟ ಈಚೆಗೆ ಸರಿದ. ಆ ಕಥೆ ನಿಜ. ಅದರ ಪಕ್ಕದಲ್ಲೇ, ಸಭೆ-ಸಮಾರಂಭಗಳಲ್ಲಿ ಆಗಾಗ ಕೇಳುವ ಇನ್ನೊಂದು ಮಾತೂ ಇದೆ: ಥಾಣೆಯನ್ನು ಆಳಿದ ಶಿಲಾಹಾರರು ಕನ್ನಡಿಗರೇ, ಹಾಗಾಗಿ ಇದು ನಮ್ಮದೂ ಹೌದು ಎಂಬುದು. ಇದಕ್ಕೆ ಎದುರು ಮಾತೂ ಅಷ್ಟೇ ಜೋರಾಗಿ ಬರುತ್ತದೆ. ಎರಡೂ ಕಡೆಯವರು ತಾಮ್ರಪಟಗಳನ್ನು ಸಾಕ್ಷಿಗೆ ಕರೆಯುತ್ತಾರೆ. ಆ ಪಟಗಳು ಏನು ಹೇಳುತ್ತವೆ ಎಂದು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. (ನಡುವೆ ಒಂದು ಮಾತು. ಉಲ್ಹಾಸ್ ನದಿಯ ದಡದ ಈ ಕಲ್ಯಾಣ್ ಬೇರೆ, ಬಸವಣ್ಣನವರ ಕಲ್ಯಾಣ ಬೇರೆ. ಅದು ಬೀದರ್ ಜಿಲ್ಲೆಯ ಬಸವಕಲ್ಯಾಣ. ಕಲ್ಯಾಣದ ಚಾಲುಕ್ಯರು ಎಂದಾಗಲೂ ಆ ಕಲ್ಯಾಣವೇ.)

ಉತ್ತರ ಕೊಂಕಣದ ಶಿಲಾಹಾರರು ಮೊದಲು ಸ್ವತಂತ್ರರಲ್ಲ, ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು. ಒಂಬತ್ತನೆಯ ಶತಮಾನದ ಕಾನ್ಹೇರಿ ಗುಹೆಗಳ ಶಾಸನಗಳಲ್ಲಿ ಪುಲ್ಲಶಕ್ತಿ, ಕಪರ್ದಿ ಎಂಬ ಇಬ್ಬರು ಶಿಲಾಹಾರರು ಅಮೋಘವರ್ಷನ ಕೃಪೆಯಿಂದ ಕೊಂಕಣವನ್ನು ಪಡೆದವರೆಂದು ಹೇಳಿಕೊಂಡಿದ್ದಾರೆ. 'ಕವಿರಾಜಮಾರ್ಗ' ಹುಟ್ಟಿದ ಆಸ್ಥಾನದ ಅದೇ ಅಮೋಘವರ್ಷ. ಕಾನ್ಹೇರಿಯ ದಾನಿಗಳಲ್ಲಿ ಗೌಡದೇಶದಿಂದ, ಅಂದರೆ ಬಂಗಾಳದ ಕಡೆಯಿಂದ ಬಂದ ಅವಿಘ್ನಾಕರ ಎಂಬ ಬೌದ್ಧನೂ ಇದ್ದಾನೆ. ಭಿಕ್ಷುಗಳ ವಸ್ತ್ರಕ್ಕೆಂದು ಅವನು ನೂರು ದ್ರಮ್ಮಗಳ ದತ್ತಿ ಇಟ್ಟ. ದ್ರಮ್ಮ ಎಂದರೆ ಆ ಕಾಲದಲ್ಲಿ ಈ ಕಡೆ ಚಲಾವಣೆಯಲ್ಲಿದ್ದ ನಾಣ್ಯ. ಕರ್ಣಾಟದ ಚಕ್ರವರ್ತಿ, ಕೊಂಕಣದ ಸಾಮಂತ, ಬಂಗಾಳದ ದಾನಿ, ಸಂಸ್ಕೃತದ ಶಾಸನ! ಇದರಲ್ಲಿ ಕನ್ನಡ ಎಲ್ಲಿದೆ ಎಂದು ಹುಡುಕಿದರೆ ಸಿಗುವುದು ಹೆಸರು ಮತ್ತು ಬಿರುದುಗಳಲ್ಲಿ.

ಶಿಲಾಹಾರರ ಒಂದು ಬಿರುದು 'ಮಲಗಲಗಂಡ'. ಸಂಸ್ಕೃತದ ಉದ್ದುದ್ದ ಸಮಾಸಗಳ ನಡುವೆ ಈ ಪದ ಪರದೇಶಿಯಂತೆ ನಿಂತಿದೆ. ಕನ್ನಡ ಕಿವಿಗೆ ಮಾತ್ರ ಅದು ತಕ್ಷಣ ಬಿಚ್ಚಿಕೊಳ್ಳುತ್ತದೆ: ಮಲೆಗಳ ಗಂಡ, ಮಲೆನಾಡಿನ ಪಾಳೆಯಗಾರರನ್ನು ಗೆದ್ದ ಶೂರ. ಹೊಯ್ಸಳರ 'ಮಲೆಪರೊಳ್ ಗಂಡ' ಇದೇ ಜಾತಿಯ ಬಿರುದು. ವಪ್ಪುವಣ್ಣ ಎಂಬ ಅರಸು ಈ ಮನೆತನದಲ್ಲಿದ್ದ. ಅಣ್ಣ ಎಂಬ ಕೊನೆ ಎಲ್ಲಿಯದೆಂದು ಯಾರಿಗೂ ಹೇಳಬೇಕಾಗಿಲ್ಲ. ಇವರು 'ತಗರಪುರ'ದ ಒಡೆಯರ ಕುಲದವರೆಂದು ಹೇಳಿಕೊಳ್ಳುತ್ತಿದ್ದರು. ತಗರ ಎಂದರೆ ಈಗಿನ ಧಾರಾಶಿವ ಜಿಲ್ಲೆಯ ತೇರ್. ಘಟ್ಟದ ಮೇಲಿನ, ಕನ್ನಡ-ಮರಾಠಿ ಎರಡೂ ಓಡಾಡಿದ ಸೀಮೆ. ಶಿಲಾಹಾರ ಶಾಸನಗಳನ್ನು ಸಂಪಾದಿಸಿದ ವಾ. ವಿ. ಮಿರಾಶಿಯವರೂ ಈ ಮನೆತನದ ಮೂಲ ಕನ್ನಡ ಸೀಮೆಯದೆಂದೇ ಭಾವಿಸಿದರು.

ಹಾಗೆಂದು ನಾಗಣಯ್ಯ, ಸೀಹಪಯ್ಯ, ಆಮದೇವಯ್ಯ ಎಲ್ಲರೂ ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದರು ಎನ್ನಲು ಬರುವುದಿಲ್ಲ. 'ಅಯ್ಯ' ಗೌರವದ ಪ್ರತ್ಯಯ. ಗೌರವದ ಮಾತುಗಳು ಅಧಿಕಾರ ಇರುವ ಕಡೆಯಿಂದ ಇಳಿದು ಬರುತ್ತವೆ. ಹತ್ತಿಪ್ಪತ್ತು ತಲೆಮಾರುಗಳ ನಂತರ ಅದೇ ಕೊಂಕಣದಲ್ಲಿ ಜನ 'ಸಾಹೇಬ' ಎಂದು ಹೆಸರಿಗೆ ಸೇರಿಸಿಕೊಂಡರಲ್ಲ, ಅವರೆಲ್ಲ ಅರಬ್ಬಿಯವರೇನೂ ಅಲ್ಲ. ಮಾನ್ಯಖೇಟದ ಕಡೆಗೆ ಮುಖ ಮಾಡಿದ್ದ ಆಸ್ಥಾನ ಅದು ಎಂಬಷ್ಟನ್ನು ಮಾತ್ರ ಆ ಹೆಸರುಗಳಿಂದ ತಿಳಿಯಬಹುದು.

ಆ ಮುಖ ಎಷ್ಟು ಗಟ್ಟಿಯಾಗಿತ್ತು ಎನ್ನುವುದಕ್ಕೆ ಭಿವಂಡಿ ಬಳಿಯ ಭಾದಾನದ ತಾಮ್ರಪಟ ನೋಡಬೇಕು. ಕಾಲ ಕ್ರಿ.ಶ. 997. ಅರಸು ಅಪರಾಜಿತ. ಕಲ್ಯಾಣಕ್ಕೆ ಹತ್ತಿರದ ಲೋನಾಡಿನಲ್ಲಿದ್ದ ಲೋಣಾದಿತ್ಯ ದೇವರಿಗೆ ಭಾದಾನ ಗ್ರಾಮವನ್ನು ಬಿಟ್ಟುಕೊಟ್ಟ ದಾನ ಅದು. ಅಷ್ಟರಲ್ಲಿ ರಾಷ್ಟ್ರಕೂಟರು ಬಿದ್ದು ಸುಮಾರು ಕಾಲು ಶತಮಾನವಾಗಿತ್ತು. 973ರಲ್ಲಿ ಚಾಲುಕ್ಯ ತೈಲಪ ಕೊನೆಯ ದೊರೆ ಕಕ್ಕಲನನ್ನು ಸೋಲಿಸಿದ್ದ. ಅಪರಾಜಿತನಿಗೆ ಮೇಲೆ ಯಾರೂ ಇರಲಿಲ್ಲ, ತನ್ನ ವಂಶಾವಳಿ ಮಾತ್ರ ಬರೆಸಿದ್ದರೆ ಸಾಕಿತ್ತು. ಅವನು ಮೊದಲು ರಾಷ್ಟ್ರಕೂಟರ ವಂಶಾವಳಿಯನ್ನು ಪೂರ್ತಿ ಬರೆಸಿ, ಆ ರಾಜ್ಯ ಈಗ ನೆನಪಿನಲ್ಲಿ ಮಾತ್ರ ಉಳಿಯಿತಲ್ಲ ಎಂದು ಮರುಗಿ, ಆಮೇಲೆ ತನ್ನ ಮಾತಿಗೆ ಬರುತ್ತಾನೆ. ಸತ್ತುಹೋದ ಒಡೆಯನ ಹೆಸರಿನಿಂದ ಯಾವ ಲಾಭವೂ ಇಲ್ಲದ ಹೊತ್ತಿನಲ್ಲಿ ಬರೆಸಿದ ಸಾಲುಗಳು ಅವು. ಮಧ್ಯಯುಗದ ಶಾಸನಗಳಲ್ಲಿ ಇಂಥ ನಿಷ್ಠೆ ಅಪರೂಪ. ಹೊಸ ಒಡೆಯ ತೈಲಪನನ್ನು ಒಪ್ಪುವುದಿಲ್ಲ ಎಂಬ ರಾಜಕೀಯವೂ ಅದರಲ್ಲಿ ಇದ್ದೀತು.

ಅಲ್ಲಿಂದ ಕರ್ಣಾಟ ಎಂದರೆ ಥಾಣೆಗೆ ತವರಾಗಿ ಉಳಿಯಲಿಲ್ಲ, ಭಯವಾಯಿತು. 1020ರ ಸುಮಾರಿಗೆ ಮಾಳವದ ಭೋಜ ಕೊಂಕಣ ಗೆದ್ದ ಸಂಭ್ರಮಕ್ಕೆ ದಾನಗಳನ್ನು ಕೊಟ್ಟ. 1024ರ ಮೀರಜ್ ತಾಮ್ರಪಟದಲ್ಲಿ ಚಾಲುಕ್ಯ ಜಯಸಿಂಹ ಏಳು ಕೊಂಕಣಗಳ ಒಡೆಯರ ಸರ್ವಸ್ವವನ್ನು ಕಿತ್ತುಕೊಂಡು, ಉತ್ತರದ ದಂಡಯಾತ್ರೆಗೆಂದು ಕೊಲ್ಹಾಪುರದ ಬಳಿ ಬೀಡುಬಿಟ್ಟಿರುವುದಾಗಿ ಹೇಳುತ್ತಾನೆ. ನಾಹುರಿನ ಹೊಲದ ದಾನ 1026ರದು. ಅಂದರೆ ಕರ್ಣಾಟದ ಸೈನ್ಯ ಬಾಗಿಲಿಗೆ ಬಂದ ಎರಡೇ ವರ್ಷದಲ್ಲಿ ಥಾಣೆಯ ಅಧಿಕಾರಿಗಳ ಪಟ್ಟಿಯಲ್ಲಿ ಕರ್ಣಾಟ ಸಂಧಿವಿಗ್ರಹಿ ಕಾಣಿಸುತ್ತಾನೆ. ಸಂಧಿವಿಗ್ರಹಿಗಳ ಕೆಲಸ ಬರೀ ದೌತ್ಯವಲ್ಲ. ಪತ್ರ ಓದುವುದು, ಪತ್ರ ಬರೆಯುವುದು, ಅನೇಕ ಸಲ ದಾನಶಾಸನಗಳ ಒಕ್ಕಣೆಯೂ ಅವರದೇ. ಕಪರ್ದಿಯ ಹುದ್ದೆಯ ಹೆಸರಿನ 'ಕರ್ಣಾಟ' ದೇಶವೋ ಭಾಷೆಯೋ ಎಂದು ವಾದಿಸಬಹುದು. ಆದರೆ ಒಂದು ದೇಶದ ಓಲೆಗಳಿಗೆಂದೇ ಪ್ರತ್ಯೇಕ ಮನುಷ್ಯ ಬೇಕಾದರೆ ಅವನಿಗೆ ಆ ದೇಶದ ಭಾಷೆ ಬರಲೇಬೇಕು. ಥಾಣೆಯ ಆಸ್ಥಾನಕ್ಕೆ ಕನ್ನಡ ತಾನಾಗಿ ಅರ್ಥವಾಗುತ್ತಿದ್ದ ಕಾಲ ಮುಗಿದು, ಅದಕ್ಕೊಬ್ಬ ತಿಳಿದವನನ್ನು ನೇಮಿಸಬೇಕಾದ ಕಾಲ ಬಂದಿತ್ತು ಎಂದೂ ಈ ಹುದ್ದೆಯನ್ನು ಓದಬಹುದು.

ಇಷ್ಟಕ್ಕೂ ಮಾಳವ, ಚಾಲುಕ್ಯ, ಮುಂದೆ ಗೋವೆಯ ಕದಂಬ, ಎಲ್ಲರಿಗೂ ಈ ಸಣ್ಣ ಸೀಮೆಯ ಮೇಲೆ ಕಣ್ಣೇಕೆ? ಪುರಿ-ಕೊಂಕಣದ ಲೆಕ್ಕಕ್ಕೆ ಸಾವಿರದ ನಾನೂರು ಗ್ರಾಮಗಳು ಮಾತ್ರ. ಭತ್ತ, ತೆಂಗು, ಉಪ್ಪು, ಮೀನು ಬಿಟ್ಟರೆ ನೆಲದಿಂದ ಹೆಚ್ಚೇನೂ ಹುಟ್ಟದು. ಹಣ ಇದ್ದದ್ದು ನೀರಿನಲ್ಲಿ. ಘಟ್ಟದ ನೀರು ಹೊತ್ತು ಕಲ್ಯಾಣದ ಮಗ್ಗುಲಿಗೆ ಬರುವ ಉಲ್ಹಾಸ್ ನದಿ ಅಲ್ಲಿಂದ ಖಾಡಿಯಾಗಿ ಅಗಲವಾಗಿ ವಸಯಿಯ ಕಡೆಗೆ ತಿರುಗುತ್ತದೆ. ಥಾಣೆಯ ಇನ್ನೊಂದು ಖಾಡಿ ಈಗಿನ ನವಿಮುಂಬಯಿಯ ದಂಡೆ ಹಿಡಿದು ದಕ್ಷಿಣಕ್ಕೆ ಹೋಗುತ್ತದೆ. ಬೆನ್ನಿಗೆ ನಾಣೇಘಾಟ್, ಥಳಘಾಟ್, ಭೋರ್‌ಘಾಟ್. ದಖ್ಖನ್ನಿನ ಸರಕು ಇಳಿಯಬೇಕಾದರೂ ಕಡಲ ಸರಕು ಏರಬೇಕಾದರೂ ಈ ಕಣಿವೆಯೇ ದಾರಿ. 1853ರಲ್ಲಿ ಥಾಣೆಗೆ ಬಂದ ರೈಲು ಮುಂದೆ ಕಲ್ಯಾಣದಲ್ಲಿ ಕವಲೊಡೆದು ಒಂದು ಕಸಾರಾ ಕಡೆಗೂ ಇನ್ನೊಂದು ಕರ್ಜತ್ ಕಡೆಗೂ ಹೋದದ್ದು ಈ ಘಟ್ಟಗಳನ್ನು ಹುಡುಕಿಕೊಂಡೇ. ಆರನೆಯ ಶತಮಾನದ ಗ್ರೀಕ್ ಬರಹಗಾರ ಕಾಸ್ಮಾಸ್ ಕೂಡ ಕಲ್ಯಾಣವನ್ನು ದೊಡ್ಡ ವ್ಯಾಪಾರದ ಬಂದರುಗಳಲ್ಲಿ ಒಂದೆಂದು ಹೆಸರಿಸಿದ್ದಾನೆ.

ಈ ಬಂದರುಗಳ ಬೀದಿಯ ಭಾಷೆ ಯಾವುದು? ಬಾಗ್ದಾದಿನ ಅಲ್ ಮಸೂದಿ 916ರಲ್ಲಿ ಚೌಲ್ ಬಂದರಿನಲ್ಲಿದ್ದ. ಆಗ ಅಲ್ಲಿನ ಅರಸು 'ಜಂಜ್' ಎಂದು ಬರೆದಿದ್ದಾನೆ. ಅವನು ಶಿಲಾಹಾರ ಝಂಝ. ಒಂದೇ ಊರಿನಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಮುಸ್ಲಿಮರು, ಸಿರಾಫ್, ಓಮನ್, ಬಸ್ರಾ, ಬಾಗ್ದಾದುಗಳಿಂದ ಬಂದು ನೆಲೆಸಿದವರು, ಇಲ್ಲೇ ಹುಟ್ಟಿದ ಅವರ ಮಕ್ಕಳೂ ಸೇರಿ. ಭಾಷೆಯ ಬಗ್ಗೆ ಅವನು ಕೊಡುವ ವಿವರ ಅಮೂಲ್ಯವಾದದ್ದು. 'ಮಾನ್‌ಕೀರ್', ಅಂದರೆ ಮಾನ್ಯಖೇಟದಲ್ಲಿ ಆಡುವ ಭಾಷೆ 'ಕೀರಿಯಾ'. ಚೌಲ್, ಸೋಪಾರಾ, ಥಾಣೆಗಳ ಕರಾವಳಿಯಲ್ಲಿ ಆಡುವುದು 'ಲಾರಿಯಾ'. ಕೀರಿಯಾ ಎಂದರೆ ಕನ್ನಡವೇ ಎಂದು ಹಲವರು ಭಾವಿಸಿದ್ದಾರೆ. ಆ ಗುರುತು ಒಪ್ಪಿದರೂ ಬಿಟ್ಟರೂ ಒಂದಂತೂ ಸ್ಪಷ್ಟ: ರಾಜಧಾನಿಯ ಮಾತು ಬೇರೆ, ಬಂದರಿನ ಮಾತು ಬೇರೆ ಎಂದು ಹೊರಗಿನಿಂದ ಬಂದವನಿಗೇ ಕೇಳಿಸಿತ್ತು. ರಾಷ್ಟ್ರಕೂಟರ ವೈಭವದ ದಿನಗಳಲ್ಲೇ ಥಾಣೆಯ ಬೀದಿ ಅರಸರ ಭಾಷೆ ಆಡುತ್ತಿರಲಿಲ್ಲ.

ನಾಹುರ್ ದಾನಪತ್ರದಲ್ಲಿ ಅರಸನ ಆಜ್ಞೆ ಯಾರಿಗೆಲ್ಲ ತಿಳಿಯಲಿ ಎಂದು ಹೇಳುವಾಗ 'ಹಂಜಮನ ನಗರ'ದ ಪೌರರನ್ನೂ ಕರೆದಿದೆ. ಹಿಂದಿನ ವಿದ್ವಾಂಸರು ಇದನ್ನು ಯಾವುದೋ ಊರಿನ ಹೆಸರೆಂದುಕೊಂಡರು. ಪಾರ್ಸಿಗಳ ಸಂಜಾನ್ ಇರಬಹುದೆಂಬ ಊಹೆಯೂ ಬಂತು. ಆದರೆ ಪದದ ಹಿಂದಿರುವುದು ಪರ್ಶಿಯನ್ನಿನ 'ಅಂಜುಮನ್', ಸಭೆ. ಕಡಲಾಚೆಯಿಂದ ಬಂದ ವರ್ತಕರ ಕೂಟ. ಕೊಲ್ಲಂನ 849ರ ತಾಮ್ರಪಟದಲ್ಲಿ ಇದೇ ಕೂಟ 'ಅಂಜುವಣ್ಣಂ'. ಅಲ್ಲಿನವರ ಕಿವಿಗೆ 'ಐದು ಬಣ್ಣ' ಎಂದು ಕೇಳಿಸಿರಬೇಕು, ಪದ ಹಾಗೆ ತಿರುಗಿಕೊಂಡಿತು. ಕನ್ನಡ ಕರಾವಳಿಯಲ್ಲಿ, ಬಸರೂರು-ಭಟ್ಕಳದ ಕಡೆಯ ವಿಜಯನಗರ ಕಾಲದ ಶಾಸನಗಳಲ್ಲಿ, ಅದು 'ಹಂಜಮಾನ'. ಈ 'ಹ' ಪಾಲು ಹಾಲಾದ ಬಗೆಯದಲ್ಲ. ಸ್ವರದ ಮುಂದೆ ಸುಮ್ಮನೆ ಬಂದು ಕೂತದ್ದು. ಥಾಣೆಯ ಸಂಸ್ಕೃತ ಪತ್ರದಲ್ಲೂ ಬಸರೂರಿನ ಕನ್ನಡ ಕಲ್ಲಿನಲ್ಲೂ ಅದೇ 'ಹ' ಇರುವುದನ್ನು ನೋಡಿದರೆ, ಈ ಪದ ಅರಮನೆಯಿಂದ ಅರಮನೆಗೆ ಹೋದದ್ದಲ್ಲ, ಹಡಗಿನ ಮೇಲೆ ಬಂದರಿನಿಂದ ಬಂದರಿಗೆ ಹೋದದ್ದು ಅನ್ನಿಸುತ್ತದೆ.

ಹೀಗೆ ಹೊರಗಿನಿಂದ ಬಂದವರು ಊರಿನವರಾಗುತ್ತಿದ್ದದ್ದು ಹೇಗೆ ಎಂಬುದಕ್ಕೆ ಚಿಂಚಣಿಯ ತಾಮ್ರಪಟಗಳಷ್ಟು ಚೆನ್ನಾದ ದಾಖಲೆ ಬೇರೊಂದಿಲ್ಲ. 2014ರವರೆಗೆ ಥಾಣೆ ಜಿಲ್ಲೆಗೇ ಸೇರಿದ್ದು ಈಗ ಪಾಲ್ಘರ್ ಜಿಲ್ಲೆಯಲ್ಲಿರುವ ಊರು ಅದು. ಅಲ್ಲಿನ ಒಂದು ಪಟ ರಾಷ್ಟ್ರಕೂಟ ಮೂರನೆಯ ಇಂದ್ರನ ಕಾಲದ್ದು, ಕ್ರಿ.ಶ. 926. ಆಗ ಸಂಜಾನ್ ಮಂಡಲವನ್ನು ಆಳುತ್ತಿದ್ದ ಅಧಿಕಾರಿ ತಾಜಿಕ, ಅಂದರೆ ಅರಬ. ಶಾಸನ ಅವನನ್ನು 'ಮಧುಮತಿ' ಎಂದು ಕರೆಯುತ್ತದೆ. ಮುಹಮ್ಮದ್ ಎಂಬ ಹೆಸರು ಸಂಸ್ಕೃತದ ಬಾಯಲ್ಲಿ ಹಾಗಾಯಿತು. ಜೇನಿನಂಥ ಬುದ್ಧಿಯವನು ಎಂಬ ಅರ್ಥವೂ ದೊರೆತುಬಿಟ್ಟಿತು. ಮಂಡಲವನ್ನು ಅವನಿಗೆ ಕೊಟ್ಟವನು ಎರಡನೆಯ ಕೃಷ್ಣ. ಮಧುಮತಿ ಸುತ್ತಲಿನ ಬಂದರುಗಳ ಮುಖ್ಯಸ್ಥರನ್ನು ಮಣಿಸಿ ಅಲ್ಲಿ ತನ್ನವರನ್ನು ಕೂರಿಸಿದ. ಎರಡು ಹೊಳೆಗಳಿಗೆ ಪುಕ್ಕಟೆ ದೋಣಿ ಹಾಕಿಸಿದ. ಒಂದು ಅನ್ನಸತ್ರ ತೆರೆದ. ಅಲ್ಲಿ ಬಡಿಸುತ್ತಿದ್ದ ಸಣ್ಣಕ್ಕಿ ಅನ್ನ, ಪಲ್ಯ, ತುಪ್ಪ ಕೂಡ ಶಾಸನದಲ್ಲಿ ದಾಖಲಾಗಿದೆ. ಅವನ ಮಂತ್ರಿ ಪುವ್ವಯ್ಯ. ಪುವ್ವಯ್ಯನ ಗೆಳೆಯ ಅಣ್ಣಯ್ಯ ಎಂಬ ಬ್ರಾಹ್ಮಣ ಭಗವತಿಗೆ ಮಠ ಕಟ್ಟಿಸಿದ್ದ. ಆ ಮಠಕ್ಕೆ ಗ್ರಾಮದಾನ ಕೊಡಿಸಿದವನು ಇದೇ ಅರಬ ಅಧಿಕಾರಿ; ಮಠದ ಜೀರ್ಣೋದ್ಧಾರ, ದೇವಿಯ ನೈವೇದ್ಯ, ಒಂಬತ್ತು ಮಂದಿಯ ಊಟ ಆ ಉತ್ಪನ್ನದಲ್ಲಿ ನಡೆಯಬೇಕು.

ಇದನ್ನು ಸಹಿಷ್ಣುತೆಯ ಸುಂದರ ಚಿತ್ರವಾಗಿ ಮಾತ್ರ ನೋಡಿದರೆ ಅರ್ಧ ಕೈಬಿಟ್ಟಂತೆ. ರಾಜ್ಯಕ್ಕೆ ಬಂದರಿನ ಸುಂಕ ಬೇಕು, ಸುಂಕ ಬರಬೇಕಾದರೆ ಅರಬ ಹಡಗುಗಳು ಬರಬೇಕು, ಹಡಗಿನವರ ಲೆಕ್ಕ ಹಡಗಿನವರಿಗೇ ಗೊತ್ತು. ಅಂಥವನನ್ನು ಅಧಿಕಾರಿ ಮಾಡಿದ್ದು ಮಾನ್ಯಖೇಟದ ಜಾಣತನ. ಅಧಿಕಾರಿಗೆ ಊರು ತನ್ನನ್ನು ಒಪ್ಪಬೇಕು. ಊರಿನ ಮರ್ಯಾದೆ ಇರುವುದು ಮಠ-ದೇವಾಲಯದ ದಾನಪತ್ರದಲ್ಲಿ; ಅದರಲ್ಲಿ ಹೆಸರು ಬಿದ್ದರೆ 'ಆಚಂದ್ರಾರ್ಕ' ಉಳಿಯುತ್ತದೆ. ಲೆಕ್ಕಾಚಾರ ಎಲ್ಲರ ಕಡೆಯೂ ಇತ್ತು. ಆದರೂ ಹೊಳೆ ದಾಟಲು ಪುಕ್ಕಟೆ ದೋಣಿ ಸಿಕ್ಕಿದ್ದು ನಿಜ.

ಅದೇ ಮಠಕ್ಕೆ 1034ರಲ್ಲಿ, ಛಿತ್ತರಾಜನ ಸಾಮಂತ ಚಾಮುಂಡರಾಜ ಒಂದು ಎಣ್ಣೆಗಾಣವನ್ನು ದಾನ ಮಾಡಿದ. ದೇವಿಯ ಮುಂದೆ ದೀಪಕ್ಕೆ ಅದರ ಎಣ್ಣೆ. ಉಳಿದದ್ದು ನಡೆದು ಬಂದ ವಿದ್ವಾಂಸರ ಕಾಲಿಗೆ ಹಚ್ಚಲು. ರಾಷ್ಟ್ರಕೂಟರು ಹೋಗಿ ಅರವತ್ತು ವರ್ಷವಾದರೂ ಮಠ ನಿಂತಿತ್ತು. ಈ ಆಜ್ಞೆಯನ್ನು ತಿಳಿಸಿದ ಪ್ರಮುಖರಲ್ಲಿ ಹಂಜಮನದ ಅಲ್ಲಿಯ, ಮಹರ, ಮಧುಮತ ಎಂಬವರಿದ್ದಾರೆ. ದೇವಿಯ ಗಾಣಕ್ಕೆ ಸಾಕ್ಷಿಯಾಗಿ ಅಲಿಯನ್ನೂ ಮುಹಮ್ಮದನನ್ನೂ ಕರೆದದ್ದರಲ್ಲಿ ಶಾಸನ ಬರೆದವನಿಗೆ ವಿಶೇಷವೇನೂ ಕಂಡಂತಿಲ್ಲ. ಊರಿನ ವ್ಯವಹಾರಕ್ಕೆ ಊರಿನ ದೊಡ್ಡವರನ್ನು ಕರೆದಿದ್ದಾನೆ, ಅಷ್ಟೆ.

ಛಿತ್ತರಾಜನ ತಮ್ಮ ಮುಮ್ಮುಣಿಯ ಕಾಲಕ್ಕೆ, 1060ರಲ್ಲಿ, ಅಂಬರನಾಥದ ಶಿವಾಲಯ ಮುಗಿಯಿತು. ಡೊಂಬಿವಲಿ-ಕಲ್ಯಾಣದವರಿಗೆ ಶಿವರಾತ್ರಿಯ ಜಾತ್ರೆಯಿಂದ ಪರಿಚಿತವಾದ ಗುಡಿ. ಅದರ ಶಾಸನದ ವರ್ಷವನ್ನು ಮೊದಲು ಶಕ 782 ಎಂದು ಓದಿದ್ದರು. ಭಗವಾನ್‌ಲಾಲ್ ಇಂದ್ರಜಿ ಅದನ್ನು 982 ಎಂದು ತಿದ್ದಿದರು. ಒಂದು ಅಂಕಿಯಿಂದ ಇನ್ನೂರು ವರ್ಷದ ವ್ಯತ್ಯಾಸ. ಗುಡಿಯ ಶೈಲಿ ಕರ್ಣಾಟದ್ದಲ್ಲ, ಮಾಳವದ ಕಡೆಯ ಭೂಮಿಜ. ಭೋಜನ ಸೈನ್ಯ ಬಂದುಹೋದ ದಾರಿಯಲ್ಲೇ ಶಿಲ್ಪಿಗಳ ಮಾದರಿಯೂ ಬಂದಿತ್ತು. ಗರ್ಭಗುಡಿಗೆ ಮೆಟ್ಟಿಲಿಳಿದು ಹೋಗಬೇಕು, ಮೇಲೆ ಶಿಖರದ ಜಾಗದಲ್ಲಿ ಆಕಾಶ ಕಾಣುತ್ತದೆ.

ಇದೇ ಮುಮ್ಮುಣಿಯ ಹೆಸರು ಕನ್ನಡದಲ್ಲೂ ಸಿಗುತ್ತದೆ, ಆದರೆ ಥಾಣೆಯಲ್ಲಲ್ಲ, ಧಾರವಾಡದ ಪಕ್ಕದ ನರೇಂದ್ರದಲ್ಲಿ. ಅಲ್ಲಿನ 1125ರ ಶಾಸನ ಗೋವೆಯ ಕದಂಬರ ಹಳೆಯ ಕಥೆ ಹೇಳುತ್ತದೆ. ಕದಂಬ ಚಟ್ಟಯದೇವ ಕಡಲಲ್ಲಿ ವಿಹರಿಸುತ್ತ ಬರುವ ಸುದ್ದಿ ಕೇಳಿ ಥಾಣೆಯ ಮುಮ್ಮುರಿ ಎದುರು ಬಂದನಂತೆ, ಅರಮನೆಗೆ ಕರೆದೊಯ್ದನಂತೆ, ವೈಭವದಿಂದ ಮಗಳನ್ನು ಧಾರೆಯೆರೆದು ಅಳಿಯನಿಗೆ ಐದು ಲಕ್ಷ ಹೊನ್ನು ಕೊಟ್ಟನಂತೆ. ಹಡಗಿನ ದಂಡು ಕಟ್ಟಿಕೊಂಡು ಬಂದವನ 'ವಿಹಾರ' ಎಂಥದ್ದು ಎಂದು ಊಹಿಸುವುದು ಕಷ್ಟವಲ್ಲ. ಗೆದ್ದವನ ಮನೆಯ ಕಲ್ಲಿನಲ್ಲಿ ಕಪ್ಪ ಎಂಬುದು ವರದಕ್ಷಿಣೆಯಾಗಿದೆ. ಕದಂಬರಿಗೂ ಬೇಕಾದದ್ದು ಇದೇ ಸಮುದ್ರ. ಗೋವೆಯಲ್ಲಿ ಅವರ ಬಲಗೈಯಾಗಿದ್ದ ಛಡಮ ಎಂಬ ತಾಜಿಕ ವರ್ತಕನ ಮನೆತನ ಚೌಲ್‌ನಿಂದ ಹೋದದ್ದು. 1053ರಲ್ಲಿ ಅವನ 'ಮಿಜಿಗಿತಿ'ಗೆ, ಅಂದರೆ ಮಸೀದಿಗೆ, ಬಂದರಿಗೆ ಬರುವ ಹಡಗುಗಳ ಮೇಲೆ ವಂತಿಗೆ ಎತ್ತಲು ಅಲ್ಲಿನ ಅರಸ ಅನುಮತಿ ಕೊಟ್ಟ.

ಮುಮ್ಮುಣಿಯ ನಂತರ ದಾಯಾದಿಗಳ ಜಗಳದಲ್ಲಿ ಕೊಂಕಣ ಹಾಳಾಯಿತು. ಅದನ್ನು ಮತ್ತೆ ಹಿಡಿತಕ್ಕೆ ತಂದವನು ಅನಂತದೇವ. 1094ರ ಖಾರೇಪಾಟಣದ ತಾಮ್ರಪಟದಲ್ಲಿ ಅವನು ಥಾಣೆ, ನಾಗಪುರ, ಸೋಪಾರಾ, ಚೌಲ್ ಮುಂತಾದ ಬಂದರುಗಳಲ್ಲಿ ಇಬ್ಬರು ಸಹೋದರರ ಸರಕಿಗೆ ಸುಂಕ ಮಾಫಿ ಮಾಡಿದ. (ಈ ನಾಗಪುರ ಕೊಂಕಣದ್ದೇ, ವಿದರ್ಭದ್ದಲ್ಲ.) ಅಣ್ಣ ಭಾಭಣ ಶ್ರೇಷ್ಠಿ, ತಮ್ಮ ಧನಾಮ ಶ್ರೇಷ್ಠಿ; ಬಲಿಪಟ್ಟಣದ ದುರ್ಗಶ್ರೇಷ್ಠಿಯ ಮಕ್ಕಳು. ಶ್ರೇಷ್ಠಿ ಎಂದರೆ ಸೆಟ್ಟಿ. ಇವರು ಬರೀ ಸೆಟ್ಟಿಗಳಲ್ಲ: ಅಣ್ಣ ಮಹಾಮಂತ್ರಿ, ತಮ್ಮ ಮಹಾಸಂಧಿವಿಗ್ರಹಿ. ಅರವತ್ತೆಂಟು ವರ್ಷದ ಹಿಂದೆ ಸೀಹಪಯ್ಯ, ಕಪರ್ದಿ ಕೂತಿದ್ದ ಪೀಠದಲ್ಲಿ ಈಗ ಹಡಗಿನ ವ್ಯಾಪಾರಿ. ಮುರಿದ ರಾಜ್ಯವನ್ನು ಮತ್ತೆ ಕಟ್ಟಲು ಅನಂತದೇವನಿಗೆ ಹಣ ಎಲ್ಲಿಂದ ಬಂತು ಎಂಬುದನ್ನು ಆ ಸುಂಕ ಮಾಫಿಯೇ ಹೇಳುತ್ತಿದೆ ಎನ್ನಬಹುದು. ದೇವರಿಗೂ ಬ್ರಾಹ್ಮಣರಿಗೂ ಕೊಡುವ ಗಂಭೀರ ಒಕ್ಕಣೆಯಲ್ಲೇ, ಸೂರ್ಯಚಂದ್ರರಿರುವವರೆಗೆ ಎಂಬ ಧಾಟಿಯಲ್ಲೇ, ಸೆಟ್ಟರಿಗೆ ಕಟ್ಟೆಸುಂಕ ಬಿಟ್ಟುಕೊಟ್ಟ ಪತ್ರ ಅದು.

ಮುಂದಿನದು ಬೇಗ ಮುಗಿಯುತ್ತದೆ. 1265ರ ಸುಮಾರಿಗೆ ದೇವಗಿರಿಯ ಯಾದವ ಮಹಾದೇವ ಕೊನೆಯ ಶಿಲಾಹಾರ ಸೋಮೇಶ್ವರನನ್ನು ಕಡಲಿಗೆ ಅಟ್ಟಿದ, ಸೋಮೇಶ್ವರ ಕಡಲಲ್ಲೇ ಮುಳುಗಿ ಸತ್ತ. ಬೋರಿವಲಿಯ ಎಕ್ಸರ್‌ನಲ್ಲಿ ಹಡಗಿನ ಕಾಳಗ ಕೆತ್ತಿದ ವೀರಗಲ್ಲುಗಳಿವೆ. ಆ ಶತಮಾನದ ಕೊನೆಯ ಭಾಗದ ಥಾಣೆಯನ್ನು ವರ್ಣಿಸುವ ಮಾರ್ಕೊ ಪೋಲೊ ಅಲ್ಲಿನ ಚರ್ಮ, ಹತ್ತಿ ಬಟ್ಟೆಗಳ ವ್ಯಾಪಾರದ ಜೊತೆ ಇನ್ನೊಂದು ವ್ಯಾಪಾರವನ್ನೂ ಹೇಳುತ್ತಾನೆ. ಅಲ್ಲಿನ ದೊರೆಗೆ ಕಡಲ್ಗಳ್ಳರೊಂದಿಗೆ ಒಳ ಒಪ್ಪಂದವಿತ್ತಂತೆ: ದೋಚಿದ್ದೆಲ್ಲ ಅವರಿಗೆ, ಕುದುರೆಗಳು ಮಾತ್ರ ದೊರೆಗೆ.

ಕನ್ನಡ ಅಷ್ಟರಲ್ಲಿ ಆಸ್ಥಾನದಿಂದ ಮರೆಯಾಗಿತ್ತು. ಅದಕ್ಕೂ ಮೊದಲೇ, 1187ರಲ್ಲಿ, ಶಿಲಾಹಾರ ಅಪರಾದಿತ್ಯ ಬರೆಸಿದ ಒಂದು ಕಲ್ಲು ಮುಂಬಯಿಯ ಪರೇಲ್‌ನಲ್ಲಿ ಸಿಕ್ಕಿದೆ. ಕುರ್ಲಾ ಬಳಿಯ ಮಾಹವಲಿ ಗ್ರಾಮದಲ್ಲಿ ಅನಂತಪೈ ಎಂಬವನ ಸ್ವಾಧೀನದಲ್ಲಿದ್ದ ಒಂದು ತೋಟದಿಂದ ಬರುವ ಇಪ್ಪತ್ತನಾಲ್ಕು ದ್ರಮ್ಮಗಳನ್ನು ವೈದ್ಯನಾಥ ದೇವರ ಪೂಜೆಗೆ ಬಿಟ್ಟ ದಾನ. ದೇವರು, ಅರಸು, ತೇದಿ, ಲೆಕ್ಕ ಎಲ್ಲ ಸಂಸ್ಕೃತದಲ್ಲಿವೆ. ಕೊನೆಗೆ ಈ ದಾನವನ್ನು ಕೆಡಿಸುವವನಿಗೆ ಒಂದು ಬೈಗುಳವಿದೆ. ಕತ್ತೆಯನ್ನೂ ಕೆಡಿಸುವವನ ತಾಯಿಯನ್ನೂ ಸೇರಿಸಿ ಹಾಕಿದ, ಸಭೆಯಲ್ಲಿ ಓದಿ ಹೇಳಲಾಗದಂಥ ಬೈಗುಳ. ಅದೊಂದು ಮಾತ್ರ ಮರಾಠಿಯಲ್ಲಿದೆ.